ಹೋಗುವಾಗ ತಣ್ಣಗೆ, ಬರುವಾಗ ಬಿಸಿ

ನನ್ನ ಮೋಟಾರ್ ಸೈಕಲ್ಲು ಹೊಸದುರ್ಗದಿಂದ ಚಿತ್ರದುರ್ಗಕ್ಕೆ ಹೋಗುವಾಗ ಒಂದು ದಿನವೂ ಬಿಸಿಯಾಗಲಿಲ್ಲ. ವಾಪಸ್ಸು ಬರುವಾಗ ಮಾತ್ರ, ಹೊಳಲ್ಕೆರೆ ಮುಟ್ಟುವ ಮೊದಲೇ ಕಾದು, ಟಣಟಣ ಎಂದು ಸದ್ದು ಮಾಡಿ ನಿಂತುಬಿಡುತ್ತಿತ್ತು. ಹೋಗುವುದಕ್ಕೂ ಬರುವುದಕ್ಕೂ ನಡುವೆ ಅದನ್ನು ಮುಟ್ಟುತ್ತಿದ್ದವನು ಒಬ್ಬನೇ, ಚಿತ್ರದುರ್ಗದ ಮೆಕ್ಯಾನಿಕ್ಕು. ಇದಕ್ಕಿಂತ ದೊಡ್ಡ ಸಾಕ್ಷಿ ಇನ್ನೇನು ಬೇಕು?

ಎಪ್ಪತ್ತರ ದಶಕದ ನಡುವಿನ ಒಂದು ಬೇಸಿಗೆ. ಆಗ ನಾನು ಹೊಸದುರ್ಗದ ದನದ ಆಸ್ಪತ್ರೆಯಲ್ಲಿ ಸ್ಟಾಕ್‌ಮನ್ ಆಗಿದ್ದೆ. ಡಾಕ್ಟರಿಗಿಂತ ಒಂದು ಮೆಟ್ಟಿಲು ಕೆಳಗಿನ ಕೆಲಸ, ಆದರೆ ಹಳ್ಳಿಯವರು ನನ್ನನ್ನೇ ಡಾಕ್ಟ್ರೇ ಎನ್ನುತ್ತಿದ್ದರು. ನಾನೂ ಬೇಡ ಅಂದವನಲ್ಲ. ಹಿರಿಯೂರು ಕಡೆ ಆದಿವಾಲದ ಸುತ್ತ ಕುರಿಗಳಿಗೆ ಸಿಡುಬು ಬಿದ್ದಿದೆ ಎಂಬ ಸುದ್ದಿ ಆಗಷ್ಟೇ ಬಂದಿತ್ತು. ಅದು ಮಾಡದಕೆರೆ ಕಡೆಗೆ ದಾಟುವ ಮೊದಲು ಅಲ್ಲಿನ ಹಿಂಡುಗಳಿಗೆ ಲಸಿಕೆ ಹಾಕಿ ಮುಗಿಸಬೇಕಿತ್ತು. ನಮ್ಮ ಆಸ್ಪತ್ರೆಯಲ್ಲಿ ಫ್ರಿಜ್ ಇರಲಿಲ್ಲ. ಹಾಗಾಗಿ ಲಸಿಕೆ ಹಾಕುವ ದಿನವೇ ಚಿತ್ರದುರ್ಗದ ದೊಡ್ಡ ಆಸ್ಪತ್ರೆಗೆ ಹೋಗಿ, ಥರ್ಮಾಸ್ ಫ್ಲಾಸ್ಕಿನ ತುಂಬ ಐಸು ಹಾಕಿಸಿ, ಅದರೊಳಗೆ ಸೀಸೆಗಳನ್ನಿಟ್ಟು, ಐಸು ಕರಗುವ ಮೊದಲು ಕುರಿ ರೊಪ್ಪ ಮುಟ್ಟಬೇಕು. ಆ ಲಸಿಕೆಗೆ ಜೀವ ಇರುತ್ತದೆ. ಬಿಸಿಯಾದರೆ ಸಾಯುತ್ತದೆ. ಸತ್ತದ್ದು ಮಾತ್ರ ಕಣ್ಣಿಗೆ ಕಾಣುವುದಿಲ್ಲ, ಸೀಸೆ ಹಾಗೇ ಇರುತ್ತದೆ.

ನನಗೆ ಚಿಕ್ಕಂದಿನಿಂದಲೂ ಅನುಮಾನ ಜಾಸ್ತಿ. ಹಾಲಿನವಳು ಹಾಲು ಹಾಕಿದರೆ ಬೆರಳು ಅದ್ದಿ ನೋಡುವವನು ನಾನು. ಬೀಗ ಹಾಕಿ ಹತ್ತು ಹೆಜ್ಜೆ ಹೋಗಿ ಮತ್ತೆ ಬಂದು ಎಳೆದು ನೋಡುವವನು. ನನ್ನ ಹೆಂಡತಿ, "ಅನುಮಾನಂ ಪೆದ್ದ ರೋಗಂ ಅಂತಾರೆ. ಊರಿನ ದನಕ್ಕೆಲ್ಲ ಸೂಜಿ ಹಾಕ್ತೀರಿ, ನಿಮಗೊಂದು ಹಾಕ್ಕಳ್ರಿ ಅತ್ಲಾಗಿ" ಎನ್ನುತ್ತಿದ್ದಳು. ಇವಳ ತವರಿನವರು ಯಾರೋ ಇವಳಿಗೆ ಇದನ್ನು ಹೇಳಿಕೊಟ್ಟಿದ್ದಾರೆ ಎಂದು ನನಗೆ ಅನುಮಾನ.

ಮಾಡದಕೆರೆಯಲ್ಲಿ ನನಗೆ ಮೊದಲು ಬಾಗಿಲು ತೆರೆದವನು ಒಬ್ಬ ಕುರಿಗಾರ. ವಯಸ್ಸು ಐವತ್ತರ ಮೇಲೆ, ಉದ್ದನೆಯ ಆಳು, ಮಾತು ಕಡಿಮೆ. ಸೂಜಿ ಹಾಕಿಸಿದರೆ ಗಬ್ಬದ ಕುರಿ ಕಂದು ಹಾಕುತ್ತದೆ, ಉಣ್ಣೆ ಉದುರುತ್ತದೆ ಎಂದು ಉಳಿದವರೆಲ್ಲ ಹಿಂಜರಿಯುತ್ತಿದ್ದಾಗ, "ಮೊದ್ಲು ನನ್ನ ಕುರಿಗೆ ಹಾಕ್ರಿ, ಏನಾದ್ರೂ ಆದ್ರೆ ನಂದೇ ಆಗ್ಲಿ" ಎಂದವನು ಅವನು. ಅವನ ಮಾತಿನ ಮೇಲೆ ಇನ್ನೂ ನಾಲ್ಕು ಮನೆಯವರು ಒಪ್ಪಿದ್ದರು. ಆ ಊರಿನಲ್ಲಿ ನನ್ನ ಕೆಲಸ ನಡೆಯುವುದೂ ಬಿಡುವುದೂ ಅವನ ಎಂಬತ್ತು ಕುರಿಗಳ ಮೇಲೆ ನಿಂತಿತ್ತು.

ಫ್ಲಾಸ್ಕಿನ ಕಥೆಗೂ ಅವನೇ ಕಾರಣ. ಮೊದಲು ನಾನು ಅದನ್ನು ಹಿಂದಿನ ಕ್ಯಾರಿಯರಿಗೆ ಕಟ್ಟುತ್ತಿದ್ದೆ. ಆ ಕಲ್ಲು ರಸ್ತೆಗೆ ಒಳಗಿನ ಗಾಜು ಎರಡು ಸಲ ಪುಡಿಯಾಯಿತು. ಅದನ್ನು ಕೇಳಿ ಅವನು ತನ್ನ ಹಳೇ ಕಂಬಳಿಯಿಂದ ಒಂದು ಮೊಳದಷ್ಟು ಕತ್ತರಿಸಿ ಕೊಟ್ಟ. "ನೀರಾಗೆ ಅದ್ದಿ ಸುತ್ರಿ, ಗಾಳಿಗೆ ಕಟ್ರಿ. ನಾವು ಅಡವಿಗೆ ಹೋದಾಗ ಮಜ್ಜಿಗೆ ಹಿಂಗೇ ಇಟ್ಕಳಾದು. ಸಾಯಂಕಾಲದ ಗಂಟ ತಣ್ಣಗಿರ್ತೈತೆ" ಎಂದ. ಲಾರಿಗಳ ಮುಂದೆ ನೀರಿನ ಕ್ಯಾನ್ವಾಸ್ ಚೀಲ ತೂಗುಹಾಕುವುದನ್ನು ನಾನೂ ನೋಡಿದ್ದೆ. ಗಾಳಿ ಎಲ್ಲಿ ಜೋರು? ಗಾಡಿಯ ಮುಂದೆ. ಮುಂದಿನ ಚಕ್ರದ ಹಿಂದೆ ಎರಡೂ ಕಡೆ ಚಾಚಿಕೊಂಡ ಲೆಗ್ ಗಾರ್ಡಿನ ನಡುಮಧ್ಯೆ, ಹಸಿ ಕಂಬಳಿ ಸುತ್ತಿದ ಫ್ಲಾಸ್ಕನ್ನು ಒಂದು ದಪ್ಪ ಬಟ್ಟೆ ಚೀಲದಲ್ಲಿಟ್ಟು, ಅಲುಗಾಡದಂತೆ ಎರಡು ಸುತ್ತು ಹಗ್ಗ ಹಾಕಿ ಬಿಗಿದೆ. ನನ್ನ ಬುದ್ಧಿಗೆ ನಾನೇ ಮೆಚ್ಚಿಕೊಂಡೆ.

ಅವತ್ತೇ ಬೆಳಿಗ್ಗೆ ಚಿತ್ರದುರ್ಗದ ಆ ಮೆಕ್ಯಾನಿಕ್ಕಿನ ಹತ್ತಿರ ಗಾಡಿಯ ಚೈನು ಬಿಗಿ ಮಾಡಿಸಿದ್ದೆ. ಅವತ್ತೇ ಮೊದಲ ಸಲ ಅದು ಕಾದು ನಿಂತದ್ದು. ಕಿಕ್ ಹೊಡೆದರೆ ಕಲ್ಲಿಗೆ ಕಾಲಿಟ್ಟಂತೆ, ಅಲುಗಾಡಲಿಲ್ಲ. ಹುಣಸೇ ಮರದ ಕೆಳಗೆ ಅರ್ಧ ಗಂಟೆ ಕುಳಿತ ಮೇಲೆ ತಾನಾಗಿಯೇ ಬಿಟ್ಟುಕೊಂಡಿತು. ಹೀಗೆ ದಾರಿಯುದ್ದಕ್ಕೂ ನಿಂತು ನಿಂತು ಮಾಡದಕೆರೆ ಸೇರಿದಾಗ ಮಧ್ಯಾಹ್ನ ಕಳೆದಿತ್ತು. ಫ್ಲಾಸ್ಕಿನಲ್ಲಿ ಐಸು ಇರಲಿಲ್ಲ, ನೀರಿತ್ತು. ಆ ನೀರು ತಣ್ಣಗಿತ್ತೋ ಬೆಚ್ಚಗಿತ್ತೋ ನಾನು ಸರಿಯಾಗಿ ನೋಡಲಿಲ್ಲ. ಎಂಬತ್ತು ಕುರಿ ಹಿಡಿದುಕೊಂಡು ಜನ ಕಾಯುತ್ತಿದ್ದರು. ನೀರು ಚೆಲ್ಲಿ ಸೂಜಿ ಹಾಕಿದೆ. ಕುರಿಗಾರ ಸೂಜಿಯಾದ ಒಂದೊಂದು ಕುರಿಯ ಹಣೆಗೂ ಕೆಮ್ಮಣ್ಣಿನ ಬೊಟ್ಟು ಇಡುತ್ತ ಬಂದ. ಹೊತ್ತಾಯಿತು ಎಂದು ಉಳಿದ ನಾಲ್ಕು ಮನೆಯ ಹಿಂಡುಗಳನ್ನು ಮುಂದಕ್ಕೆ ಹಾಕಿ ಹೊರಟುಬಿಟ್ಟೆ.

ಆ ಮೆಕ್ಯಾನಿಕ್ಕಿನ ಅಂಗಡಿ ಚಿತ್ರದುರ್ಗದ ಹಳೇ ಪೇಟೆಯ ಒಂದು ಸಂದಿಯಲ್ಲಿತ್ತು. ನಾನು ಅವನನ್ನು ಮೇಸ್ತ್ರಿ ಎನ್ನುತ್ತಿದ್ದೆ. ನೆರೆತ ಗಡ್ಡ, ಮಸಿ ಹಿಡಿದ ಉಗುರು. ಅವನ ಮನೆತನದವರು ಪಾಳೇಗಾರರ ಕಾಲದಿಂದ ಬೀಗ ಮಾಡಿಕೊಂಡು ಬಂದವರಂತೆ. ಊರಿನ ಅರ್ಧ ಮನೆಗಳ ಬೀಗದ ಕೈಗೆ ಜೋಡಿ ಇವರ ಮನೆಯಲ್ಲಿರುತ್ತಿತ್ತಂತೆ. ಬೇರೆಯವರು ಇದನ್ನು ಹೆಮ್ಮೆಯಿಂದ ಹೇಳುತ್ತಿದ್ದರು. ನನಗೆ ಮಾತ್ರ, ಜೋಡಿ ಕೈ ಇಟ್ಟುಕೊಂಡವರು ಸುಮ್ಮನೆ ಇಟ್ಟುಕೊಂಡಿದ್ದರೇ ಎನಿಸುತ್ತಿತ್ತು.

ಆ ಕಾಲದ ನಮ್ಮ ಗಾಡಿಗಳಲ್ಲಿ ಎಂಜಿನ್ನು ತಣ್ಣಗಿಡಲು ನೀರಿನ ಏರ್ಪಾಡು ಇರಲಿಲ್ಲ. ಸಿಲಿಂಡರಿನ ಸುತ್ತ ತೆಳ್ಳಗಿನ ರೆಕ್ಕೆಗಳು, ಅವುಗಳ ಸಂದಿಯಲ್ಲಿ ನುಗ್ಗಿ ಹೋಗುವ ಎದುರುಗಾಳಿ, ಅಷ್ಟೇ. ಮತ್ತೆ ಲಸಿಕೆ ತರಲು ಹೋದ ದಿನ ಗಾಡಿ ಕಾಯುತ್ತದೆ ಎಂದು ಹೇಳಿದಾಗ, ಮೇಸ್ತ್ರಿ ಮೊದಲು ಆ ರೆಕ್ಕೆಗಳ ಸಂದಿಯಲ್ಲಿ ಕೂತ ಮಣ್ಣು, ಎಣ್ಣೆ ಜಿಡ್ಡನ್ನೆಲ್ಲ ಸೀಮೆಎಣ್ಣೆ ಹಾಕಿ ತೆಂಗಿನ ಕಡ್ಡಿಯಿಂದ ಕೆರೆದು ತೆಗೆದ. ನಾನು ಎದುರಿನ ಸ್ಟೂಲಿನ ಮೇಲೆ ಕುಳಿತು ಅವನ ಕೈಯನ್ನೇ ನೋಡುತ್ತಿದ್ದೆ.

"ಪೆಟ್ರೋಲಿಗೆ ಎಣ್ಣೆ ಸರಿಯಾಗಿ ಬೆರೆಸ್ತೀರಾ ಡಾಕ್ಟ್ರೇ?" ಎಂದ.

"ಅಳತೆ ಪಾತ್ರೇಲೇ ಬೆರೆಸ್ತೀನಿ" ಎಂದೆ. ನನ್ನನ್ನೇ ಕೇಳುತ್ತಾನಲ್ಲ ಎಂದು ಸಿಟ್ಟು ಬಂತು.

ಅವನು ಗಾಡಿಯನ್ನು ಹೊಳಲ್ಕೆರೆ ರಸ್ತೆಯಲ್ಲಿ ಓಡಿಸಿಕೊಂಡು ಬಂದ. ಒಂದು ಗಂಟೆ ಹೊತ್ತು ಬರಲೇ ಇಲ್ಲ. ಬಂದಾಗ ಎಂಜಿನ್ನಿಗೆ ಅಂಗೈ ಹತ್ತಿರ ಹಿಡಿದು, "ಏನೂ ಇಲ್ಲ ನೋಡ್ರಿ. ಎಷ್ಟು ಬಿಸಿ ಇರ್ಬೇಕೋ ಅಷ್ಟೇ ಐತೆ" ಎಂದ. ಅಲ್ಲಿಂದ ನಾನು ದೊಡ್ಡ ಆಸ್ಪತ್ರೆಗೆ ಹೋಗಿ ಲಸಿಕೆ, ಐಸು ತುಂಬಿಸಿಕೊಂಡು, ಚೀಲವನ್ನು ಮುಂದೆ ಬಿಗಿದು ಹೊರಟೆ. ಅದೇ ಹುಣಸೇ ಮರದ ಹತ್ತಿರ ಗಾಡಿ ಮತ್ತೆ ನಿಂತಿತು. ಜೊತೆಗೆ ಕೂದಲು ಸುಟ್ಟ ವಾಸನೆ ಬೇರೆ. ಕ್ಲಚ್ಚಿಗೆ ಏನೋ ಕಳಪೆ ಸಾಮಾನು ಹಾಕಿದ್ದಾನೆ ಎಂದುಕೊಂಡೆ. ಅವತ್ತು ಹಳ್ಳಿಗೆ ಹೋಗಲೇ ಆಗಲಿಲ್ಲ, ಲಸಿಕೆ ದಂಡವಾಯಿತು.

ನನ್ನ ಅನುಮಾನ ಈಗ ಬಲಿಯಿತು. ಗಾಡಿಗಳ ಒಳ್ಳೇ ಭಾಗ ಬಿಚ್ಚಿಕೊಂಡು ಸವೆದದ್ದನ್ನು ಹಾಕುವವರ ಕಥೆ ನಾನೂ ಕೇಳಿದ್ದೆ. ಮುಂದಿನ ಸಲ ಹೋಗುವ ಮೊದಲು, ಸಿಲಿಂಡರಿನ ಕೆಳಗಿನ ರೆಕ್ಕೆಯಲ್ಲಿ, ಯಾರಿಗೂ ಕಾಣದ ಜಾಗದಲ್ಲಿ, ಅರದಿಂದ ಒಂದು ಸಣ್ಣ ಗೀರು ಹಾಕಿದೆ. ಕಾರ್ಬ್ಯುರೇಟರಿಗೂ ಒಂದು ಹಾಕಿದೆ. ಸಿಕ್ಕಿಬೀಳಲಿ ಬಡ್ಡೀಮಗ ಎಂದುಕೊಂಡು ಹೋದೆ. ಗಾಡಿ ಹೋಗುವಾಗ ಎಂದಿನಂತೆ ಹೂವಿನ ಹಾಗೆ ಹೋಯಿತು.

ಆ ಸಲ ಮೇಸ್ತ್ರಿ ಇಡೀ ಬೆಳಿಗ್ಗೆ ನನ್ನ ಗಾಡಿಗೇ ಕೊಟ್ಟ. ಪ್ಲಗ್ ಬಿಚ್ಚಿ ಬೆಳಕಿಗೆ ಹಿಡಿದ. ಅದರ ತುದಿ ಸುಣ್ಣದಂತೆ ಬೆಳ್ಳಗಾಗಿತ್ತು. "ಇದು ಕಂದು ಬಣ್ಣ ಇರ್ಬೇಕು. ಬೆಳ್ಳಗಾಗೈತೆ ಅಂದ್ರೆ ಎಂಜಿನ್ನು ಬೆಂದೈತೆ. ನೀವು ಸುಳ್ಳು ಹೇಳ್ತಿಲ್ಲ" ಎಂದ. ನಾನು ಸುಳ್ಳು ಹೇಳುತ್ತಿರಬಹುದು ಎಂದು ಇವನಿಗೂ ಅನುಮಾನ ಇತ್ತೆಂದಾಯಿತು! ಕಾರ್ಬ್ಯುರೇಟರ್ ತೊಳೆದ. ಎಲ್ಲಾದರೂ ಸಂದಿಯಿಂದ ಗಾಳಿ ಎಳೆದುಕೊಂಡು ಪೆಟ್ರೋಲು ತೆಳ್ಳಗಾಗುತ್ತಿದೆಯೇ ಎಂದು ಜೋಡಣೆಗಳಿಗೆಲ್ಲ ಎಣ್ಣೆ ಸವರಿ ನೋಡಿದ. ಕಿಡಿ ಹೊತ್ತುವ ಸಮಯ ಸರಿ ಮಾಡಿದ. ಸೈಲೆನ್ಸರ್ ಬಿಚ್ಚಿ ಒಳಗಿನ ಮಸಿ ಸುಟ್ಟು ಬಡಿದ. ಬ್ರೇಕು ಹಿಡಿದುಕೊಂಡಿದೆಯೇ ಎಂದು ಚಕ್ರ ತಿರುಗಿಸಿದ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುತ್ತಿದ್ದಾನೆ ಎಂದು ನಾನು ಒಳಗೊಳಗೇ ಕುದಿಯುತ್ತಿದ್ದೆ.

ಕೊನೆಗೆ ಅವನು ಗಾಡಿಯ ಮುಂದೆ ಕುಕ್ಕರಗಾಲಲ್ಲಿ ಕುಳಿತು ಲೆಗ್ ಗಾರ್ಡನ್ನು ಬೆರಳಿನಿಂದ ಸವರಿದ. ಹಗ್ಗ ಉಜ್ಜಿ ಬಣ್ಣ ಹೋಗಿದ್ದ ಎರಡು ಗೆರೆಗಳು ಅಲ್ಲಿದ್ದವು.

"ಇಲ್ಲೇನಾದ್ರೂ ಕಟ್ತೀರಾ?"

ಚೀಲ ಅಲ್ಲೇ, ಗಾಡಿಯ ಪಕ್ಕದ ಪೆಟ್ಟಿಗೆಯಲ್ಲಿ ಮಡಚಿಕೊಂಡಿತ್ತು. ಸರ್ಕಾರಿ ಸಾಮಾನು ನಾನು ಎಲ್ಲಿ ಕಟ್ಟುತ್ತೇನೆ, ಏನು ಒಯ್ಯುತ್ತೇನೆ ಎನ್ನುವುದು ಇವನಿಗೇಕೆ? ಆ ಬೇಸಿಗೆಯಲ್ಲಿ ಫ್ಲಾಸ್ಕು ಕಂಡವರೆಲ್ಲ ಒಂದು ಚೂರು ಐಸು ಕೊಡ್ರಿ ಎಂದು ಗಂಟುಬೀಳುತ್ತಿದ್ದರು. ಇವನೂ ಕೇಳಿದರೆ? ಫ್ಲಾಸ್ಕೇ ಮಾಯವಾದರೆ?

"ಏನೂ ಕಟ್ಟಲ್ಲ. ಹಿಂದಿನ ಓನರ್ ಕಟ್ತಿದ್ದ ಅಂತ ಕಾಣ್ಸುತ್ತೆ" ಎಂದೆ.

ಅವನು ನನ್ನ ಮುಖ ನೋಡಿದ. ಮತ್ತೆ ಗೆರೆ ನೋಡಿದ. "ಗಾಳಿ ತಾಗಿದ್ರೆ ಈ ಎಂಜಿನ್ನು ಕಾಯಂಗಿಲ್ಲ ಡಾಕ್ಟ್ರೇ. ನನಗೆ ಗೊತ್ತಿರೋದೆಲ್ಲ ನೋಡಿದೀನಿ" ಎಂದು ಎದ್ದು ಕೈ ಒರೆಸಿಕೊಂಡ. ನಾನು ಒಂದು ನೆಪ ಹೇಳಿ ಬಗ್ಗಿ ನನ್ನ ಗೀರುಗಳನ್ನು ಹುಡುಕಿದೆ. ಎರಡೂ ಇದ್ದವು. ಹಾಗಾದರೆ ಒಳಗಿನ ಪಿಸ್ಟನ್ನು ಬದಲಾಯಿಸಿದ್ದಾನೆ ಎಂದುಕೊಂಡೆ. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ.

ಅವತ್ತು ವಾಪಸ್ಸು ಬರುವಾಗ ಏನಾಯಿತೆಂದು ಹೇಳಬೇಕಾಗಿಲ್ಲ.

ಮಾರನೆಯ ದಿನ ಮಾಡದಕೆರೆಯಿಂದ ಆಳು ಬಂದ. ಕುರಿಗಾರನ ಹಿಂಡಿಗೆ ಅಮ್ಮ ಬಂದಿದ್ದಾಳೆ, ಬೇಗ ಬರಬೇಕಂತೆ ಎಂದ. ಸಿಡುಬಿಗೆ ಅವರು ಹೇಳುತ್ತಿದ್ದುದೇ ಹಾಗೆ. ನಾನು ಸೂಜಿ ಹಾಕಿ ಮೂರು ವಾರದ ಮೇಲಾಗಿತ್ತು. ಬಸ್ಸು ಹತ್ತಿ ಹೋದೆ. ರೊಪ್ಪದ ಹೊರಗೆ ಏಳು ಮರಿಗಳು ಸತ್ತು ಬಿದ್ದಿದ್ದವು. ದೊಡ್ಡ ಕುರಿಗಳ ಮೂತಿ, ತೊಡೆಸಂದಿಯಲ್ಲೆಲ್ಲ ಗುಳ್ಳೆ. ಉಳಿದ ನಾಲ್ಕು ಮನೆಯವರು ದೂರದಲ್ಲಿ ನಿಂತು ನನ್ನನ್ನೇ ನೋಡುತ್ತಿದ್ದರು.

ನನಗೆ ಭಯವಾಯಿತು. ಭಯವಾದಾಗ ನನ್ನ ಬಾಯಿ ಸುಮ್ಮನಿರುವುದಿಲ್ಲ.

"ಆದಿವಾಲದಾಗೆ ನಿನ್ನ ಬಾಮೈದ ಇದಾನಲ್ಲ. ಅವನ ಕುರಿ ತಂದು ಇದ್ರಾಗೆ ಸೇರಿಸಿದೀಯ. ಸೂಜಿ ಹಾಕಿದ್ದೇ ಬೇರೆ, ಸತ್ತಿದ್ದೇ ಬೇರೆ" ಎಂದೆ, ಎಲ್ಲರೆದುರಿಗೆ.

ಅವನು ಸತ್ತ ಮರಿಯೊಂದನ್ನು ಎತ್ತಿ ಹಣೆ ತೋರಿಸಿದ. ಕೆಮ್ಮಣ್ಣಿನ ಗುರುತು ಮಾಸಿದ್ದರೂ ಇತ್ತು. "ನೀವೇ ಸೂಜಿ ಹಾಕಿದ್ದು ಡಾಕ್ಟ್ರೇ. ನಾನೇ ಬೊಟ್ಟು ಇಟ್ಟಿದ್ದು."

"ಬೊಟ್ಟು ಯಾವಾಗ ಬೇಕಾದ್ರೂ ಇಡಬಹುದು" ಎಂದೆ.

ಆ ಮಾತು ಬಾಯಿಂದ ಬಿದ್ದದ್ದು ನನಗೆ ಇವತ್ತಿಗೂ ಕೇಳಿಸುತ್ತದೆ. ಅವನು ಮರಿಯನ್ನು ಮೆಲ್ಲಗೆ ಕೆಳಗಿಟ್ಟ. "ಇವ್ರಿಗೆಲ್ಲ ಹಾಕಿಸ್ಕಳ್ರಿ ಅಂತ ಹೇಳ್ದೋನು ನಾನು. ಇವ್ರ ಮುಂದೆ ನನ್ನ ಕಳ್ಳ ಅಂದ್ರಿ. ಆಯ್ತು, ಹೋಗ್ರಿ" ಎಂದು ರೊಪ್ಪದೊಳಗೆ ಹೋಗಿಬಿಟ್ಟ. ಅಷ್ಟು ಹೊತ್ತು ನಿಂತಿದ್ದವರೂ ಒಬ್ಬೊಬ್ಬರೇ ಸರಿದುಹೋದರು.

ಆದರೂ ಕೆಲಸ ನಿಲ್ಲಿಸುವಂತಿರಲಿಲ್ಲ. ರೋಗ ಆ ಊರಿಗೇ ಬಂದಮೇಲೆ ಉಳಿದ ನಾಲ್ಕು ಹಿಂಡನ್ನಾದರೂ ಉಳಿಸಬೇಕಿತ್ತು. ಎರಡು ದಿನ ಬಿಟ್ಟು ಮತ್ತೆ ಚಿತ್ರದುರ್ಗಕ್ಕೆ ಹೋದೆ. ನೇರ ಮೇಸ್ತ್ರಿಯ ಅಂಗಡಿಗೆ ನುಗ್ಗಿ, ಗಾಡಿಯಿಂದ ಇಳಿಯದೆಯೇ, "ನನ್ನ ಪಿಸ್ಟನ್ನು ವಾಪಸ್ ಕೊಡು" ಎಂದೆ. ಅವನು ಚಹಾ ಕುಡಿಯುತ್ತಿದ್ದ. ಲೋಟ ಕೆಳಗಿಟ್ಟು, "ಊರಿನ ಬೀಗದ ಕೈ ನಮ್ಮ ಮನೇಲಿದ್ವು ಡಾಕ್ಟ್ರೇ. ಯಾರ ಮನೇಲೂ ಒಂದು ಚಮಚ ಕಳುವಾಗ್ಲಿಲ್ಲ. ಇನ್ನು ನಿಮ್ಮ ಗಾಡಿ ನಾನು ಮುಟ್ಟಲ್ಲ" ಎಂದ. ನಾನು ಧೂಳೆಬ್ಬಿಸಿಕೊಂಡು ಹೊರಟುಬಂದೆ. ಲಸಿಕೆ ತುಂಬಿಸಿದೆ, ಕಂಬಳಿ ನೆನೆಸಿದೆ, ಮುಂದೆ ಬಿಗಿದೆ.

ಗಾಡಿ ಹುಣಸೇ ಮರದವರೆಗೂ ಬರಲಿಲ್ಲ. ಅದಕ್ಕೂ ಮುಂಚೆ, ನೆರಳಿಲ್ಲದ ಜಾಗದಲ್ಲಿ ನಿಂತಿತು. ತಲೆ ಹಿಡಿದುಕೊಂಡು ಮೋರಿ ಕಟ್ಟೆಯ ಮೇಲೆ ಕುಳಿತಿದ್ದೆ. ಹೊಳಲ್ಕೆರೆ ಕಡೆ ಹೋಗುವ ಬಸ್ಸೊಂದು ನನ್ನನ್ನು ದಾಟಿ ಸ್ವಲ್ಪ ದೂರದಲ್ಲಿ ನಿಂತಿತು. ಇಳಿದವನು ಮೇಸ್ತ್ರಿ. ನನ್ನನ್ನೇ ಹಿಂಬಾಲಿಸಿಕೊಂಡು ಬಂದಿದ್ದಾನೆ ಎಂದು ನನಗೆ ಆಗಲೂ ಅನಿಸಿತು. ಹೊಳಲ್ಕೆರೆಯಲ್ಲಿ ಅವನ ಮಗಳ ಮನೆಯಿತ್ತೆಂದು ಆಮೇಲೆ ತಿಳಿಯಿತು.

ಅವನು ನನ್ನ ಹತ್ತಿರ ಬರಲಿಲ್ಲ. ಗಾಡಿಯ ಹತ್ತಿರ ಹೋದ. ಚೀಲವನ್ನು ಒಂದು ಗಳಿಗೆ ನೋಡಿದ. ಚೀಲಕ್ಕೂ ಸಿಲಿಂಡರಿಗೂ ನಡುವಿನ ಸಂದಿಯಲ್ಲಿ ಕೈ ತೂರಿಸಿ ಚಕ್ಕನೆ ಎಳೆದುಕೊಂಡ. ಹಗ್ಗ ಬಿಚ್ಚಿ ಚೀಲ ತೆಗೆದು ತಿರುಗಿಸಿ ತೋರಿಸಿದ. ಎಂಜಿನ್ನಿನ ಕಡೆಯ ಬಟ್ಟೆ ಕಂದಿತ್ತು. ಒಳಗಿನ ಕಂಬಳಿ ಒಣಗಿ, ಉಣ್ಣೆಯ ತುದಿಗಳು ಸೀದು ಮುರುಟಿದ್ದವು.

"ಇದು ಎಷ್ಟು ದಿನದಿಂದ ಐತೆ?"

"ಮೊದಲ ಸಲ ಕಾದ ದಿನದಿಂದ" ಎಂದೆ.

"ಅವತ್ತು ಕೇಳಿದ್ನಲ್ಲ?"

ಅವನು ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. "ಅದಕ್ಕೆ ಇರೋದೇ ಎದುರುಗಾಳಿ ಒಂದು. ಅದನ್ನೂ ತಡೆದು ಮೈತುಂಬ ಕಂಬಳಿ ಹೊದಿಸಿದೀರಿ. ನಾನು ಓಡಿಸ್ವಾಗ ಕಂಬಳಿ ಇರಲ್ಲ, ಕಾಯಲ್ಲ. ನೀವು ಊರಿಂದ ಬರ್ವಾಗ್ಲೂ ಇರಲ್ಲ. ವಾಪಸ್ ಹೋಗ್ವಾಗ ಇರ್ತೈತೆ, ಕಾಯ್ತೈತೆ" ಎಂದ. ಆಮೇಲೆ ಕೆಳಗಿನ ರೆಕ್ಕೆಯ ಕಡೆ ಬೆರಳು ತೋರಿಸಿ, "ನಿಮ್ಮ ಗೀರು ಅಲ್ಲೇ ಐತೆ, ನೋಡ್ಕಳ್ರಿ. ನಾನು ಅವತ್ತೇ ನೋಡಿದ್ದೆ" ಎಂದ.

ನಾಚಿಕೆಯಿಂದ ನನಗೆ ತಲೆ ಎತ್ತಲಾಗಲಿಲ್ಲ. ಅಷ್ಟರಲ್ಲಿ ಅವನು ಫ್ಲಾಸ್ಕಿನ ಮುಚ್ಚಳ ತೆಗೆದು ಬೆರಳು ಅದ್ದಿ, "ಇದ್ರಾಗೆ ಏನೈತೋ ನಂಗೊತ್ತಿಲ್ಲ. ಬಾಣಂತಿ ನೀರಿದ್ದಂಗೈತೆ" ಎಂದು ನನ್ನ ಕೈಗೆ ಕೊಟ್ಟ.

ನಾನೂ ಬೆರಳು ಅದ್ದಿದೆ. ಐಸು ತುಂಬಿಸಿ ಒಂದು ಗಂಟೆಯೂ ಆಗಿರಲಿಲ್ಲ. ಫ್ಲಾಸ್ಕಿನ ಒಳಗಾಜು ಹೊರಗಿನ ತಗಡಿನೊಳಗೇ ಎಂದೋ ಸೀಳು ಬಿಟ್ಟು ಕೆಲಸ ಕೆಟ್ಟಿತ್ತು, ಮುಂದೆ ಎಂಜಿನ್ನಿನ ಕಾವು. ಹಾಲಿಗೆ ಬೆರಳು ಅದ್ದಿ ನೋಡುವವನು ಲಸಿಕೆಗೆ ಒಂದು ದಿನವೂ ಅದ್ದಿ ನೋಡಿರಲಿಲ್ಲ. ಆ ಮೊದಲ ದಿನ ಮಾಡದಕೆರೆಯಲ್ಲಿ ನಾನು ಎಂಬತ್ತು ಕುರಿಗಳಿಗೆ ಹಾಕಿದ್ದು ಸತ್ತ ಲಸಿಕೆ. ಕುರಿಗಾರ ಯಾರ ಕುರಿಯನ್ನೂ ಸೇರಿಸಿರಲಿಲ್ಲ. ಮೇಸ್ತ್ರಿ ಏನನ್ನೂ ಬದಲಾಯಿಸಿರಲಿಲ್ಲ. ಆ ಬೇಸಿಗೆಯಲ್ಲಿ ನಾನು ಅನುಮಾನ ಪಡದೆ ಬಿಟ್ಟವನು ಒಬ್ಬನೇ, ನಾನು.

ಚೀಲ ತೆಗೆದ ಗಾಡಿ ಅರ್ಧ ಗಂಟೆ ತಣಿದು ಒಂದೇ ಕಿಕ್ಕಿಗೆ ಎದ್ದಿತು. ಮೇಸ್ತ್ರಿಯನ್ನು ಹಿಂದೆ ಕೂರಿಸಿಕೊಂಡು ಹೊಳಲ್ಕೆರೆಗೆ ಬಿಟ್ಟೆ. ಇಳಿದಮೇಲೆ, "ತಪ್ಪಾಯ್ತು ಮೇಸ್ತ್ರಿ" ಎಂದೆ. "ಗಾಡಿಗೆ ಹೇಳ್ರಿ" ಎಂದು ನಕ್ಕು ಹೊರಟುಹೋದ. ಹೊಸ ಫ್ಲಾಸ್ಕು ಸಿಕ್ಕಮೇಲೆ ಅವನೇ ಹಿಂದಿನ ಕ್ಯಾರಿಯರಿನ ಮೇಲೆ ಹಳೇ ಟ್ಯೂಬಿನ ಪಟ್ಟಿ ಬಿಗಿದು, ಮೇಲೆ ಗೋಣಿ ಮಡಿಸಿಟ್ಟು, ತೊಟ್ಟಿಲಿನ ಹಾಗೆ ಮಾಡಿಕೊಟ್ಟ. ಆಮೇಲೆ ಎಂಜಿನ್ನೂ ಕಾಯಲಿಲ್ಲ, ಗಾಜೂ ಒಡೆಯಲಿಲ್ಲ.

ಮಾಡದಕೆರೆಗೆ ಹೋಗುವುದು ಕಷ್ಟವಾಗಿತ್ತು. ಯಾರಿಗೂ ಹೇಳದೆ ಸುಮ್ಮನಿರಬಹುದಿತ್ತು. ಸತ್ತ ಲಸಿಕೆಗೆ ಸಾಕ್ಷಿ ಇರಲಿಲ್ಲವಲ್ಲ. ಎರಡು ದಿನ ಹಾಗೆಯೇ ಯೋಚಿಸಿದ್ದೂ ಉಂಟು, ಅದನ್ನೂ ಹೇಳಿಬಿಡುತ್ತೇನೆ. ಮೂರನೆಯ ದಿನ ಐಸು ತುಂಬಿದ ಹೊಸ ಫ್ಲಾಸ್ಕು ಹಿಂದೆ ಕಟ್ಟಿಕೊಂಡು ಹೋದೆ. ಕುರಿಗಾರನ ಹಿಂಡಿನಲ್ಲಿ ಅಷ್ಟರೊಳಗೆ ಹತ್ತೊಂಬತ್ತು ಸತ್ತಿದ್ದವು. ಆ ನಾಲ್ಕು ಮನೆಯವರನ್ನೂ ಕರೆಸಿ, ಅವರೆದುರಿಗೇ ಅವನಿಗೆ ಎಲ್ಲ ಹೇಳಿದೆ. ಚೀಲ, ಕಂಬಳಿ, ಬೆಚ್ಚಗಿನ ನೀರು, ನಾನು ನೋಡದೆ ಚೆಲ್ಲಿದ್ದು. ಇವನು ಕಳ್ಳನಲ್ಲ, ಕುರಿ ಕೊಂದದ್ದು ನಾನು ಎಂದೆ.

ಅವನು ನೆಲ ನೋಡುತ್ತ, "ಕಂಬಳಿ ಕೊಟ್ಟೋನು ನಾನೇ" ಎಂದ, ಯಾರಿಗೂ ಅಲ್ಲ ಎನ್ನುವಂತೆ. ನನ್ನನ್ನು ಚುಚ್ಚಲು ಹೇಳಿದನೇ ಎಂದು ಮುಖ ನೋಡಿದೆ. ಇಲ್ಲ, ಅವನು ನಿಜವಾಗಿಯೂ ಅದನ್ನೇ ಯೋಚಿಸುತ್ತಿದ್ದ. ಆ ಕ್ಷಣದಲ್ಲಿ ನನ್ನ ಬಗ್ಗೆ ನನಗೆ ಹೇಸಿಗೆಯಾಯಿತು.

ಆಮೇಲೆ ಎದ್ದು ಉಳಿದವರಿಗೆ, "ಕುರಿ ಹಿಡ್ಕಳ್ರಪ್ಪಾ, ಹಾಕಿಸ್ಕಳಾಣ" ಎಂದ. ಅವರು ಅವನ ಮುಖ ನೋಡಿದರು, ನನ್ನದಲ್ಲ. ನಾನು ಮುಚ್ಚಳ ತೆಗೆಯುತ್ತಿದ್ದಂತೆ ಅವನು ಹತ್ತಿರ ಬಂದು, "ಒಸಿ ತಡೀರಿ" ಎಂದು ಫ್ಲಾಸ್ಕಿನೊಳಗೆ ಕೈ ಹಾಕಿದ. ಐಸಿನ ಚೂರುಗಳ ನಡುವೆ ಬೆರಳು ಆಡಿಸಿ, ಕೈ ಹೊರಗೆ ತೆಗೆದು, ತಣ್ಣಗಾದ ಬೆರಳುಗಳನ್ನು ಕೆನ್ನೆಗೆ ಒತ್ತಿಕೊಂಡು ನೋಡಿದ. "ಹ್ಞೂಂ, ಈಗ ಹಾಕ್ರಿ" ಎಂದ.

ಆ ನಾಲ್ಕು ಹಿಂಡುಗಳು ಉಳಿದವು. ನಾನು ಹೊಸದುರ್ಗದಲ್ಲಿದ್ದ ಅಷ್ಟೂ ವರ್ಷ ಮಾಡದಕೆರೆಯಲ್ಲಿ ಸೂಜಿ ಹಾಕಿಸಲು ಅವನೇ ಮುಂದೆ ನಿಲ್ಲುತ್ತಿದ್ದ. ಮಜ್ಜಿಗೆ ಕೊಡುತ್ತಿದ್ದ, ಮಕ್ಕಳು ಹೇಗಿದ್ದಾರೆ ಎಂದು ವಿಚಾರಿಸುತ್ತಿದ್ದ. ಆದರೆ ಪ್ರತಿ ಸಲವೂ ಮೊದಲು ತಾನು ಫ್ಲಾಸ್ಕಿನೊಳಗೆ ಕೈ ಹಾಕಿ ನೋಡದೆ ಒಂದು ಕುರಿಯನ್ನೂ ಹಿಡಿಸಲಿಲ್ಲ. ನಾನು ಮುಚ್ಚಳ ತೆಗೆದು, ಅವನ ಕೈ ಬರುವವರೆಗೂ ಹಿಡಿದುಕೊಂಡು ನಿಂತಿರುತ್ತಿದ್ದೆ.